ಓಬುಳಪತಿಯ ತೂತು ಬದನೆಕಾಯಿ

ತಂಟೆ ಶುರುವಾದದ್ದೇ ಬದನೆಕಾಯಿ ಚೆನ್ನಾಗಿ ಬಂದದ್ದರಿಂದ. ರೊದ್ದಂ ಕಡೆಯ ಓಬುಳಪತಿ ಸಗಣಿ, ಗಂಜಲ, ಬೇವಿನ ಕಷಾಯ ಇಷ್ಟನ್ನೇ ನಂಬಿ ಬೆಳೆದ ಕಾಯಿ ಅದು. ಅರ್ಧ ಕಾಯಿಗಳಿಗೆ ಹುಳ ಬಾಯಿ ಹಾಕಿತ್ತು. ಇನ್ನರ್ಧ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು.

"ಇವತ್ತು ಹಿಂದೂಪುರದಾಗೆ ಬುಟ್ಟಿ ಖಾಲಿ ಆಗ್ಲಿಲ್ಲಾಂದ್ರೆ ನಾಳೆಯಿಂದ ಬೆಳೆಗೆ ಔಷಧ ಹೊಡೆಯೋದೇ ನೋಡು" ಎಂದು ಹೆಂಡತಿ ರಮಾದೇವಿ ಹೇಳಿ ಕಳಿಸಿದ್ದಳು. ಖಾಲಿಯಾದರೆ ತಾನು ಆ ಮಾತೇ ಎತ್ತುವುದಿಲ್ಲ ಎಂದೂ ಒಪ್ಪಿದ್ದಳು. ಔಷಧದ ಹುಚ್ಚು ಹಿಡಿಸಿದವನು ಅವಳ ತಮ್ಮ ಸುರೇಂದ್ರ. ಕಲ್ಯಾಣದುರ್ಗದಲ್ಲಿ ಟೊಮೇಟೊ ಬೆಳೆದು ಬೈಕು ಕೊಂಡವನು. ಸಂಜೆಗೆ ಅವನೂ ಬರುವವನಿದ್ದ. ತನ್ನ ಮಣ್ಣಿಗೆ ವಿಷ ಬೀಳಬಾರದೆಂದು ಓಬುಳಪತಿ ಬೆಳಗಿನ ಮೊದಲ ಬಸ್ಸಿಗೇ ಬುಟ್ಟಿ ಹೊತ್ತು ಹೊರಟ.

ಹಿಂದೂಪುರದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಔಷಧ ಹೊಡೆಯದ ಕಾಯಿ ಎಂದು ಕೂಗಿ ಬುಟ್ಟಿ ಇಳಿಸಿದ. ಅಲ್ಲಿನ ಮನೆಗಳಿಂದ ಮೊದಲು ಇಳಿದು ಬಂದ ಶ್ರೀಲತಾ ಮಿರುಗುವ ಕಾಯಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ತೂತೂ ಇಲ್ಲ, ಇದು ಔಷಧ ಹೊಡೆದದ್ದೇ ಎಂದು ತೀರ್ಪು ಕೊಟ್ಟಳು. ಬಡಪಾಯಿ ಓಬುಳಪತಿ ತೂತಿನವನ್ನು ಮೇಲಕ್ಕೆ ಜೋಡಿಸಿದ. ಅಷ್ಟರಲ್ಲಿ ಪಕ್ಕದ ಮನೆಯ ಇಂದ್ರಾಣಿ ಬಂದಳು. ಒಂದು ಹುಳ ತಲೆ ಹೊರಗೆ ಹಾಕಿ ಅವಳನ್ನು ನೋಡಿತು. ಅವಳು ಸೀರೆ ಎತ್ತಿಕೊಂಡು ಮೆಟ್ಟಿಲು ಹತ್ತಿಬಿಟ್ಟಳು.

ಪಂಚಾಯ್ತಿಗೆ ನಿಂತವಳು ಶೋಭಾರಾಣಿ. "ಹೊರಗೆ ತೂತು ಇರ್ಬೇಕು, ಒಳಗೆ ಹುಳ ಇರ್ಬಾರ್ದು. ಅಂಥದ್ದು ಆರಿಸ್ಕೊಡಪ್ಪ."

"ಬಂದು ಬಾಗಿಲು ತಟ್ಟಿ ವಾಪಸ್ ಹೋಗು ಅಂತ ಹುಳಕ್ಕೆ ನಾನೆಂಗೆ ಹೇಳ್ಲಿ ಅಕ್ಕ?" ಎಂದ ಓಬುಳಪತಿ.

ವಾದ ಸುತ್ತಿ ಸುತ್ತಿ ಕೊನೆಗೆ, ಹುಳದ ಕಾಯಿಯ ಪಕ್ಕದಲ್ಲೇ ಬೆಳೆದದ್ದರಿಂದ ಮಿರುಗುವುದೂ ಸಾಚಾ ಇರಬಹುದು ಎಂದು ಎಲ್ಲರೂ ಒಪ್ಪಿದರು. ಒಳ್ಳೆಯದನ್ನೆಲ್ಲ ಆರಿಸಿಕೊಂಡು ಹೋದರು. ಸಾಕ್ಷಿ ಹೇಳಿದ ತೂತು ಕಾಯಿ ಮಾತ್ರ ಬುಟ್ಟಿಯಲ್ಲೇ ಉಳಿಯಿತು.

ಮಾರ್ಕೆಟ್ಟಿನ ಮೂಲೆಯಲ್ಲಿ ಮಧ್ಯಾಹ್ನದವರೆಗೆ ಕೂತರೂ ಅದನ್ನು ಮುಟ್ಟಿದವರಿಲ್ಲ. ಇನ್ನೇನು ಎದ್ದು ಹೊರಡಬೇಕು, ಇಸ್ತ್ರಿ ಶರಟಿನ ಒಬ್ಬರು ಬಂದು ಕುಕ್ಕರುಗಾಲಿನಲ್ಲಿ ಕೂತರು. ಒಂದೊಂದೇ ಕಾಯಿ ಎತ್ತಿ ತೂತಿನೊಳಗೆ ಇಣುಕಿದರು. ಮುಖ ಅರಳಿತು. ಚೌಕಾಸಿ ಮಾಡದೆ ಅಷ್ಟನ್ನೂ ಕೊಂಡರು.

"ಮುಂದಿನ ವಾರಾನೂ ತಗೊಂಬನ್ನಿ. ಹುಳ ಎಷ್ಟಿದ್ರೆ ಅಷ್ಟು ಒಳ್ಳೇದು."

ಓಬುಳಪತಿಗೆ ಕಣ್ಣು ತುಂಬಿ ಬಂತು. ಸಾವಯವದ ಬೆಲೆ ಗೊತ್ತಿರುವ ಒಬ್ಬನಾದರೂ ಈ ಊರಲ್ಲಿ ಇದ್ದಾನಲ್ಲ ಎಂದು ಖುಷಿಯಲ್ಲಿ ಎರಡು ಟೀ ಕುಡಿದ, ಬಸ್ಸು ತಪ್ಪಿಸಿಕೊಂಡ, ಕತ್ತಲಾಗುವ ಹೊತ್ತಿಗೆ ಖಾಲಿ ಬುಟ್ಟಿ ತೂಗಾಡಿಸುತ್ತಾ ಮನೆಗೆ ಬಂದ.

ಅಂಗಳದಲ್ಲಿ ಸುರೇಂದ್ರನ ಬೈಕು ನಿಂತಿತ್ತು. ಜಗುಲಿಯ ಮೇಲೆ ಒಂದು ದೊಡ್ಡ ಔಷಧದ ಕ್ಯಾನು.

"ಬಾವ, ಹಿಂದೂಪುರಕ್ಕೆ ಹೋಗಿ ಬರ್ತಾ ಅಲ್ಲಿ ಬೆಳೆ ಔಷಧದ ಅಂಗ್ಡಿ ಹತ್ರ ನಿಂತಿದ್ದೆ" ಎಂದ ಸುರೇಂದ್ರ. "ಮುಂದ್ಗಡೆ ಮೇಜಿನ ಮೇಲೆ ಒಂದು ರಾಶಿ ಬದನೆಕಾಯಿ ಇಕ್ಕವ್ರೆ. ಬರೀ ತೂತು, ಹುಳ ಓಡಾಡ್ತಾವೆ. ನಮ್ಮ ಔಷಧ ಹೊಡೀದಿದ್ರೆ ಹಿಂಗಾಗ್ತದೆ ಅಂತ ಬೋರ್ಡು. ಓನರು ಇಸ್ತ್ರಿ ಶರಟು ಹಾಕ್ಕೊಂಡು ಎಲ್ರಿಗೂ ತೋರಿಸ್ತಾವ್ನೆ. ಜನ ಮುಗಿಬಿದ್ದು ಔಷಧ ಕೊಂಡ್ಕೋತಾವ್ರೆ. ನೋಡಿ ನಂಗೂ ಎದೆ ಝಲ್ಲಂತು, ನಿಮಗೊಂದು ಕ್ಯಾನು ತಂದ್ಬುಟ್ಟೆ."

ಪಂದ್ಯ ಗೆದ್ದ ಖಾಲಿ ಬುಟ್ಟಿಯನ್ನು ಓಬುಳಪತಿ ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ. ಯಾರಿಗೆ ಮಾರಿದೆ ಎಂದು ಯಾರೂ ಕೇಳದಿರಲಿ ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದ.

ರಮಾದೇವಿ ಬುಟ್ಟಿ ಖಾಲಿಯಾಯಿತೇ ಎಂದೂ ಕೇಳಲಿಲ್ಲ. "ಪಾಪ, ಅಂಥ ಕಾಯಿ ಬೆಳೆದೋನ್ನ ಕಟ್ಕೊಂಡು ಅವ್ನ ಹೆಂಡ್ತಿ ಹೆಂಗೆ ಬಾಳ್ತಾವ್ಳೋ" ಎನ್ನುತ್ತಾ ಕ್ಯಾನನ್ನು ಒಳಗೆ ಎತ್ತಿಟ್ಟಳು.