ಮಾವ ಅಲ್ಲಾಡಿಸಿ ನೋಡಿದ ಹಾಡಿನ ಡಬ್ಬಿಗಳು

ನಮ್ಮ ಸೋದರಮಾವನಿಗೆ ಕಣ್ಣಿರುವುದು ಬರೀ ಕನ್ನಡಕ ಹಾಕಿಕೊಳ್ಳುವುದಕ್ಕೆ! ಲೋಕವನ್ನೆಲ್ಲ ಅವರು ನೋಡುವುದು ಕಿವಿಯಿಂದ. ನಂಬುವುದಿಲ್ಲವೆ? ಪಂಚನಹಳ್ಳಿ ಕಡೆ ಬಂದರೆ ಯಾವ ಅಂಗಡಿಯಲ್ಲಾದರೂ ವಿಚಾರಿಸಿ. ಮಾವ ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಅಂಗಡಿಯವರು ಒಡೆಯುವ ಸಾಮಾನನ್ನೆಲ್ಲ ಮೇಲಿನ ಶೆಲ್ಫಿಗೆ ಎತ್ತಿಡುತ್ತಾರೆ.

ಇದಕ್ಕೆಲ್ಲ ಕಾರಣ ಕೊಬ್ಬರಿ. ಮಾವನದು ತೆಂಗಿನ ತೋಟ. ನಮ್ಮ ಕಡೆ ಕಾಯಿ ಇಳಿಸಿ ಮನೆಯ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಆಗಿದೆಯೋ ಇಲ್ಲವೋ ಒಡೆಯದೆ ತಿಳಿಯುವುದು ಹೇಗೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಅಂದರೆ ಇನ್ನೂ ಕಾಯಿ, ಲೊಟಲೊಟ ಅಂದರೆ ಕೊಬ್ಬರಿ. ಇಷ್ಟೇ ವಿದ್ಯೆ. ಆದರೆ ಮಾವ ಈ ವಿದ್ಯೆಯನ್ನು ತೆಂಗಿನಕಾಯಿಗೆ ಮಾತ್ರ ಮೀಸಲಿಡಲಿಲ್ಲ ನೋಡಿ, ಅಲ್ಲೇ ಬಂದಿದ್ದು ಪೇಚು! ಗಡಿಯಾರ, ಟಾರ್ಚು, ಕುಕ್ಕರ್, ಎಲ್ಲವನ್ನೂ ಕಿವಿಗೆ ಹಿಡಿದು ಕುಲುಕಿಯೇ ಕೊಳ್ಳುವುದು. ನನ್ನ ಮಗಳು ಹುಟ್ಟಿದಾಗ ಕೂಸನ್ನು ಅವರ ಕೈಗೆ ಕೊಡುವುದಕ್ಕೆ ನಾನು ಹಿಂದೆಮುಂದೆ ನೋಡಿದೆ. ಪುಣ್ಯಕ್ಕೆ ಅದು ತಾನಾಗಿಯೇ ಕಿರುಚಿತು. ಮಾವ "ಚೆನ್ನಾಗದೆ" ಅಂತ ಹೇಳಿ ವಾಪಸ್ ಕೊಟ್ಟರು.

ಅತ್ತೆಯನ್ನು ಆರಿಸಿದ್ದೂ ಕಿವಿಯಿಂದಲೇ. ಹೆಣ್ಣು ನೋಡಲು ಶಿವನಿ ಅನ್ನುವ ಊರಿಗೆ ಹೋಗಿದ್ದರಂತೆ. ಉಪ್ಪಿಟ್ಟು, ಕಾಫಿ ಆದಮೇಲೆ ಹಿರಿಯರು ವಾಡಿಕೆಯಂತೆ "ಒಂದು ಹಾಡು ಹೇಳಮ್ಮ" ಅಂದರು. ಅತ್ತೆ ತಲೆ ತಗ್ಗಿಸಿಕೊಂಡು ಹಾಡಿದರು. ಮಾವ ಕಣ್ಣು ಮುಚ್ಚಿಕೊಂಡು ಕೇಳಿದರು, ಹುಡುಗಿಯ ಮುಖ ಸರಿಯಾಗಿ ನೋಡದೆಯೇ ಒಪ್ಪಿ ಎದ್ದು ಬಂದರು. "ನಿಮ್ಮತ್ತೆ ಮುಖ ನೋಡಿದ್ದು ಧಾರೆ ಹೊತ್ತಲ್ಲೇ ಕಣೇ" ಅಂತ ಈಗಲೂ ಜಂಬದಿಂದ ಹೇಳುತ್ತಾರೆ. ಒಳಗಿನಿಂದ ಅತ್ತೆ, "ಕುಲುಕಿ ನೋಡ್ಲಿಲ್ವಲ್ಲ, ನನ್ನ ಪುಣ್ಯ!" ಅನ್ನುತ್ತಾರೆ.

ಅಂಥ ಹಾಡು ಅತ್ತೆಯದು. ರೊಟ್ಟಿ ತಟ್ಟುವಾಗ ಹಾಡು, ಅಂಗಳ ಗುಡಿಸುವಾಗ ಹಾಡು, ಸುತ್ತಲಿನ ಮದುವೆಗಳಲ್ಲೆಲ್ಲ ಸೋಬಾನೆಗೆ ಅವರೇ ಮುಂದು. ಹೋದ ವರ್ಷ ಅವರ ಮಂಡಿಗೆ ಆಪರೇಷನ್ ಆಯಿತು. ಮನೆಗೆ ಬಂದು ಕಾಲು ಚಾಚಿಕೊಂಡು ಕೂತರು, ಜೊತೆಗೆ ಬಾಯಿಯೂ ಕಟ್ಟಿಹೋಯಿತು. ನೋವೋ, ಬೇಜಾರೋ, ಎಷ್ಟು ಕೇಳಿದರೂ "ಮನಸ್ಸೇ ಬರಲ್ಲ ಕಣೇ" ಅನ್ನುವುದು, ಗೋಡೆ ನೋಡುವುದು. ಊಟವೂ ಅಷ್ಟಕ್ಕಷ್ಟೇ. ಮಾವ ಕಡೂರಿನಲ್ಲಿರುವ ನನಗೆ ಫೋನ್ ಮಾಡಿದರು. "ಮನೇಲಿ ಸದ್ದೇ ಇಲ್ಲ ಕಣೇ. ನಂಗೆ ಹೆದ್ರಿಕೆ ಆಗ್ತದೆ. ಒಂದು ಹಾಡೋ ಮಿಷನ್ನಾದ್ರೂ ತಂದಿಡಾಣ, ಅದನ್ನ ಕೇಳ್ತಾ ಕೇಳ್ತಾ ಇವಳೂ ಬಾಯಿ ಬಿಡ್ತಾಳೆ."

ಮೊಬೈಲಿನಲ್ಲೇ ಹಾಡು ಬರುತ್ತದಲ್ಲ ಮಾವ ಅಂದರೆ ಕೇಳುತ್ತಾರೆಯೆ? "ಹಾಡು ಚೆನ್ನಾಗಿ ಬತ್ತಾ ಇರ್ತದೆ, ಮಧ್ಯೆ ಯಾವಳೋ ಬಂದು ಪಾಲಿಸಿ ಮಾಡಿಸ್ತೀರಾ ಸಾರ್ ಅಂತಾಳೆ. ನಿಮ್ಮತ್ತೆ ಅವಳ ಹತ್ರ ಜಗಳಕ್ಕೆ ನಿಂತ್ಕೋತಾಳೆ."

ಸರಿ, ಉಳಿದದ್ದು ಎರಡು ದಾರಿ. ಅತ್ತೆಯ ಹತ್ತಿರ ಟ್ರಂಕಿನ ತುಂಬ ಸಿಡಿಗಳಿವೆ. ಹಳೇ ಪ್ಲೇಯರ್ ಕೆಟ್ಟಮೇಲೆ ಮಾವ ಅವುಗಳಲ್ಲಿ ಕೆಲವಕ್ಕೆ ದಾರ ಕಟ್ಟಿ, ಗಿಳಿ ಓಡಿಸುವುದಕ್ಕೆ ಸೀಬೆ ಮರಕ್ಕೆ ನೇತುಹಾಕಿದ್ದರು. ಅತ್ತೆ ರಂಪ ಮಾಡಿ ಇಳಿಸಿದರು ಅನ್ನಿ. ಆ ಸಿಡಿಗಳಿಗಾಗಿ ಹೊಸ ಸಿಡಿ ಪ್ಲೇಯರ್ ತರುವುದು ಒಂದು. ಇಲ್ಲವಾದರೆ ಹಾಡನ್ನೆಲ್ಲ ತುಂಬಿಕೊಂಡು ಸೆರಗಿನ ಗಂಟಿನಲ್ಲಿ ಕೂರುವಂಥ ಪುಟ್ಟ ಎಂಪಿತ್ರೀ ಪ್ಲೇಯರ್ ಕೊಳ್ಳುವುದು.

ಕಡೂರಿನಲ್ಲಿ ನನಗೆ ಗೊತ್ತಿರುವ ಒಬ್ಬ ಸಾಹೇಬರ ಅಂಗಡಿಗೆ ಕರೆದುಕೊಂಡು ಹೋದೆ. ಸಾಹೇಬರು ಪ್ರೀತಿಯಿಂದ ಸಿಡಿ ಪ್ಲೇಯರ್ ಬಿಚ್ಚಿ ಎದುರಿಗಿಟ್ಟರು. ನಾನು "ಮಾವ, ಬೇಡ" ಅನ್ನುವಷ್ಟರಲ್ಲಿ ಅದು ಕಿವಿಗೆ ಹೋಗಿತ್ತು.

"ಅರೆ ಅರೆ ಯಜಮಾನ್ರೇ! ಅದೇನು ಟಾನಿಕ್ಕಾ, ಕುಲುಕೋಕೆ?"

ಒಳಗೆ ಏನೋ ಲೊಟಲೊಟ ಅಂದಿತು. ಮಾವನ ಮುಖ ಅರಳಿತು. "ಕೇಳಿಸ್ತಾ? ಕೊಬ್ಬರಿ!"

"ಈಗ ತಾನೇ ಆಯ್ತು ಕೊಬ್ಬರಿ," ಅಂದರು ಸಾಹೇಬರು, ಹಣೆಗೆ ಕೈ ಹಚ್ಚಿಕೊಂಡು. "ನೀವು ಕುಲುಕೋವರೆಗೂ ಸರಿಯಾಗಿತ್ತು!"

ಆಮೇಲೆ ಎಂಪಿತ್ರೀ ಬಂತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಮಾವ ಕುಲುಕಿದರು, ಸದ್ದಿಲ್ಲ. ಈ ಕಿವಿ ಬಿಟ್ಟು ಆ ಕಿವಿಗೆ ಹಿಡಿದು ಕುಲುಕಿದರು, ಊಹೂಂ. "ಪೊಳ್ಳು ಕಣೇ. ಒಳಗೆ ಏನೂ ಇಲ್ಲ."

"ಸಾವಿರಾರು ಹಾಡು ಹಿಡಿಸ್ತದೆ ಯಜಮಾನ್ರೇ ಅದರಲ್ಲಿ!"

"ಅಷ್ಟೊಂದು ಹಾಡು ಇದ್ರೆ ಒಂದಾದ್ರೂ ಅಲ್ಲಾಡ್ಬೇಡ್ವಾ ಸಾಹೇಬ್ರೇ?"

ಇದಕ್ಕೆ ನೀವಾದರೂ ಉತ್ತರ ಹೇಳಿ ನೋಡೋಣ. ಸಾಹೇಬರು ದೊಡ್ಡ ಮನಸ್ಸಿನವರು. ಲೊಟಲೊಟವನ್ನು ಅಲ್ಲೇ ಬಿಚ್ಚಿ ಸರಿಮಾಡಿ, "ಮನೇಲಿ ತೋರಿಸಿ, ಹಿಡಿಸದಿದ್ರೆ ತಂದ್ಕೊಡಿ" ಅಂತ ಸಿಡಿ ಪ್ಲೇಯರನ್ನು ಕೊಟ್ಟು ಕಳಿಸಿದರು. ಎರಡು ದಿನದಲ್ಲಿ ಅದು ಮಾವನ ಕಂಕುಳಲ್ಲಿ ವಾಪಸ್ ಬಂತು. ಯಾಕೆ ಅಂದರೆ, "ನಿಮ್ಮತ್ತೆಗೆ ಸದ್ದು ಒಡಕು ಅನ್ನಿಸ್ತಂತೆ."

ಮುಂದಿನ ವಾರ ತರೀಕೆರೆ. ಅಲ್ಲಿ ನಮ್ಮ ಯಜಮಾನರ ಸ್ನೇಹಿತರ ಅಂಗಡಿಯಲ್ಲಿ ದೊಡ್ಡ ಸ್ಪೀಕರಿನ ಸಿಡಿ ಪ್ಲೇಯರು. ಕುಲುಕುವುದಕ್ಕೆ ಮಾವನಿಗೆ ಎತ್ತಲಾಗಲಿಲ್ಲ, ಹಾಗಾಗಿ ಅವರೇ ಬಗ್ಗಿ ಅದಕ್ಕೆ ಕಿವಿ ಹಚ್ಚಿ ನಿಂತರು. ಪಕ್ಕದಲ್ಲಿದ್ದ ಹೆಂಗಸು ಅಂಗಡಿಯವರನ್ನು ಕೇಳಿದಳು, "ಇವರು ಡಾಕ್ಟ್ರಾ?" ಅದೂ ಮನೆ ನೋಡಿಕೊಂಡು ವಾಪಸ್ ಬಂತು. "ಮನೆ ನಡುಗ್ತದಂತೆ, ಮಂಡಿ ನೋವು ಜಾಸ್ತಿ ಆಗ್ತದಂತೆ."

ಅದಾದಮೇಲೆ ಅಜ್ಜಂಪುರ. ಅಲ್ಲಿ ಕಿವಿಗೆ ಸಿಕ್ಕಿಸಿಕೊಳ್ಳುವ ವೈರಿನ ಎಂಪಿತ್ರೀ. ವಾಪಸ್ ಬರುವಾಗ ಬಸ್ಸಿನಲ್ಲಿ ಮಾವ ಅದನ್ನು ಸಿಕ್ಕಿಸಿಕೊಂಡರು. ತಮ್ಮ ಕಿವಿ ತುಂಬಿದೆ ಅಂದರೆ ಊರ ಕಿವಿಯೆಲ್ಲ ತುಂಬಿದೆ ಅಂತಲೇ ಅವರ ಲೆಕ್ಕ. "ಚೆನ್ನಾಗಿ ಕೇಳಿಸ್ತದೆ ಕಣೇ!" ಅಂತ ಕೂಗಿದ ರಭಸಕ್ಕೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿ, "ಯಾರಿಗೇನಾಯ್ತ್ರೀ?" ಅಂದ. ಬಸ್ಸೆಲ್ಲ ನಮ್ಮ ಕಡೆ ತಿರುಗಿತು. ಮಾವ ಎಲ್ಲರಿಗೂ ಕೈ ಮುಗಿದು, ಇನ್ನೂ ಜೋರಾಗಿ, "ಏನಿಲ್ಲ, ಹೋಗಪ್ಪಾ!" ಅಂದರು. ನನಗೆ ಸೀಟಿನ ಕೆಳಗೆ ಹೋಗಿ ಕೂರುವ ಹಾಗಾಯಿತು.

ಅದೂ ವಾಪಸ್! ಕಿವಿ ಕಡಿಯುತ್ತದಂತೆ.

ನನಗೆ ರೇಗಿಹೋಯಿತು. ಅತ್ತೆ ಯಾವತ್ತೂ ಯಾವುದಕ್ಕೂ ಕೊಂಕು ತೆಗೆದವರಲ್ಲ. ಇದೆಲ್ಲ ಮಾವನದೇ ತಕರಾರು, ಅತ್ತೆಯ ಬಾಯಲ್ಲಿ ಹೇಳಿಸುತ್ತಿದ್ದಾರೆ, ಅಷ್ಟೇ! ಇವರು ಆರಿಸುವಷ್ಟರಲ್ಲಿ ಅತ್ತೆ ಹಾಡುವುದನ್ನೇ ಮರೆತಿರುತ್ತಾರೆ. ಮಾವನಿಗೆ ಹೇಳದೆ ನಾನೇ ಸಾಹೇಬರ ಅಂಗಡಿಗೆ ಹೋಗಿ, ವೈರಿಲ್ಲದೆ ತಾನೇ ಹಾಡುವ ಒಂದು ಪುಟ್ಟ ಎಂಪಿತ್ರೀ ಕೊಂಡೆ. ಅತ್ತೆಗೆ ಇಷ್ಟವಾದ ಹಾಡುಗಳನ್ನೆಲ್ಲ ತುಂಬಿಸಿ, ಬ್ಯಾಗಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದೆ.

ನಾನು ಮಾವನ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿದರೆ ಒಳಗಿನಿಂದ ಒಂದು ವಿಚಿತ್ರ ಸದ್ದು. ಯಾರೋ ಕಾಯಿ ಎಣಿಸುತ್ತಿದ್ದಾರೆ! ನಮ್ಮಲ್ಲಿ ಎಣಿಸುವಾಗ ಒಂದು ಅನ್ನುವುದಿಲ್ಲ, "ಲಾಭ" ಅಂತ ಶುರುಮಾಡಿ ಎರಡು, ಮೂರು ಅನ್ನುತ್ತಾರೆ. ಆದರೆ ಈ ಎಣಿಕೆ ಎಳೆದೆಳೆದು ಮೇಲಕ್ಕೆ ಹೋಗುತ್ತಿತ್ತು, ಅಲ್ಲಿಂದ ದಬಕ್ಕನೆ ಕೆಳಗೆ ಬೀಳುತ್ತಿತ್ತು. ಈ ಹೊತ್ತಿನಲ್ಲಿ ಇದೆಂಥ ಎಣಿಕೆಯಪ್ಪಾ ಅಂತ ಕಿಟಕಿಯಲ್ಲಿ ಇಣುಕಿದೆ.

ಮಾವ! ಮಂಚದ ಕೊನೆಯಲ್ಲಿ ಕೂತು ಅತ್ತೆಯ ಪಾದಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಾ, ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಾರೆ. "ಲಾಭಾ... ಎರಡೂ... ಮೂರೂ..." ಜನ್ಮದಲ್ಲಿ ಒಂದು ಹಾಡು ಕಲಿಯದ ಮನುಷ್ಯ, ಬಾಯಿಗೆ ಬರುವುದು ಇದೊಂದೇ! ಅತ್ತೆ ದಿಂಬಿಗೆ ಒರಗಿ ಬೆರಳಲ್ಲಿ ತಾಳ ಹಾಕುತ್ತಿದ್ದರು. ಪಕ್ಕದಲ್ಲಿ ಊಟ ಮಾಡಿ ಖಾಲಿಯಾದ ತಟ್ಟೆ.

ನನ್ನನ್ನು ಕಂಡಿದ್ದೇ ಮಾವನ ಹಾಡು ನಿಂತಿತು. "ಹಸು ಕಟ್ಟಬೇಕು" ಅಂತ ಗೊಣಗಿ ಹಿತ್ತಲಿಗೆ ಓಡಿದರು. ಹಸು ಮಾರಿ ಯಾವ ಕಾಲವಾಯಿತೋ!

ನಾನು ಒಳಗೆ ಹೋಗಿ ಕೂತು ಬ್ಯಾಗಿನಿಂದ ಡಬ್ಬಿ ತೆಗೆದೆ. ಅತ್ತೆಯ ಮುಖ ಸಪ್ಪಗಾಯಿತು.

"ಅಯ್ಯೋ, ತಂದೇಬಿಟ್ಟೆಯೇನೇ?" ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು. "ಮೊದಲನೇ ಪೆಟ್ಟಿಗೆ ತಂದ ದಿನ ಕರೆಂಟ್ ಇರಲಿಲ್ಲ ಕಣೇ. ನಾನು ಉಣ್ಣಲ್ಲ ಅಂತ ಮುಖ ತಿರುಗಿಸ್ಕೊಂಡು ಮಲಗಿದ್ದೆ. ಇವರಿಗೆ ದಿಕ್ಕೇ ತೋಚಲಿಲ್ಲ, ತಾವೇ ಶುರುಮಾಡಿದ್ರು. ನಗು ತಡೀಲಾರದೆ ಎದ್ದು ಕೂತು ಉಂಡೆ. ಆವತ್ತಿಂದ ದಿನಾ ಸಂಜೆ ಇದೇ ನಮ್ಮನೆ ಕಚೇರಿ. ಒಡಕು ಅಂದಿದ್ದೂ ನಾನೇ, ನಡುಗ್ತದೆ ಅಂದಿದ್ದೂ ನಾನೇ. ಮಿಷನ್ ಬಂದ್ರೆ ಇವರು ಸುಮ್ಮನಾಗಿಬಿಡ್ತಾರಲ್ಲೇ."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. "ಆವತ್ತು ಶಿವನೀಲಿ ನನ್ನ ಹಾಡಿಸಿ ಒಪ್ಪಿಕೊಂಡ್ರು. ಇವರಿಗೆ ಒಂದು ಹಾಡು ಹೇಳಿ ಅಂತ ಯಾರಾದ್ರೂ ಕೇಳಿದ್ರಾ? ಈಗ ಕೇಳ್ತಿದೀನಿ ನೋಡು, ಇಷ್ಟು ವರ್ಷ ಆದಮೇಲೆ."

"ಒಪ್ಪಿಗೆನಾ ಅತ್ತೆ?" ಅಂದೆ.

"ಶ್ರುತಿ ಇಲ್ಲ, ತಾಳ ಇಲ್ಲ. ಒಪ್ಪಿಗೆ ಕಣೇ."

ಅಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದರು. ಕಣ್ಣು ನನ್ನ ಕೈಯಲ್ಲಿದ್ದ ಡಬ್ಬಿಯ ಮೇಲೆ. ಕೆಲಸ ಕಳೆದುಕೊಂಡವರ ಮುಖ. "ಕೊನೆಗೂ ತಂದ್ಯಾ? ಸರಿ ಬಿಡು. ಒಳ್ಳೇದೇ ಆಯ್ತು," ಅಂದರು. ಅಷ್ಟು ಸಣ್ಣ ದನಿ ಅವರದು ನಾನು ಕೇಳಿರಲೇ ಇಲ್ಲ.

ನಾನು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದೆ. ಈ ಕಿವಿ, ಆ ಕಿವಿ.

"ಇಲ್ಲ ಮಾವ, ಇದು ಇನ್ನೂ ಕಾಯಿ. ಒಂದು ವರ್ಷ ಅಟ್ಟದ ಮೇಲಿರ್ಲಿ."

ಮಾವ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ಡಬ್ಬಿ ಇಸಿದುಕೊಂಡು ತಾವೂ ಕುಲುಕಿ, ತಲೆ ಓರೆ ಮಾಡಿ ಬಹಳ ಹೊತ್ತು ಕೇಳಿದರು. "ಹೂಂ ಕಣೇ. ಹಸೀದು," ಅಂದವರೇ ಸರಸರ ಅಟ್ಟದ ಏಣಿ ಹತ್ತಿದರು.

"ಎಲ್ಲಿಗೆ ನಿಲ್ಲಿಸಿದ್ರಿ?" ಅತ್ತೆ ಕೂಗಿದರು.

"ಮರ್ತುಹೋಯ್ತು ಕಣೇ!"

"ಹಂಗಾದ್ರೆ ಮೊದಲಿಂದ ಬನ್ನಿ!" ಅಂತ ಹೇಳಿ ಅತ್ತೆ ತಾವೇ, ಎಷ್ಟೋ ತಿಂಗಳ ಮೇಲೆ, ಬಾಯಿ ಬಿಟ್ಟು ಶ್ರುತಿ ಹಿಡಿದುಕೊಟ್ಟರು. ಅಟ್ಟದ ಕತ್ತಲೆಯಿಂದ ಮಾವನ ಒಡಕು ಗಂಟಲು ಬಂದು ಅದಕ್ಕೆ ಕೂಡಿಕೊಂಡಿತು.

"ಲಾಭಾ..."