ಕ್ಯಾಸೆಟ್ ಮಾರಿ ಕೂತ ರಾಯರು

ಶರಣಪ್ಪನವರನ್ನು ಕಲಬುರಗಿಯ ಬಿಸಿಲಿನಿಂದ ಪಾರು ಮಾಡುವ ಮಹತ್ಕಾರ್ಯವನ್ನು ನಾನು ಸ್ವಂತ ಜವಾಬ್ದಾರಿಯ ಮೇಲೆ ಕೈಗೆತ್ತಿಕೊಂಡೆ. ಹಾಗೆ ಮಾಡಿರೆಂದು ಯಾರೂ ಕೇಳಿರಲಿಲ್ಲ. ಪಾಪ, ಶರಣಪ್ಪನವರೂ ಕೇಳಿರಲಿಲ್ಲ!

ನಾನು ಕಚೇರಿಯಿಂದ ನಿವೃತ್ತನಾಗಿ ಮನೆಯಲ್ಲಿ ಕೂತವನು. ಹೆಂಡತಿ ಸುನಂದಾ ಮಗಳ ಬಾಣಂತನಕ್ಕೆಂದು ಪುಣೆಗೆ ಹೋದಳು. ಅವಳನ್ನು ಕರೆದೊಯ್ಯಲು ಬಂದ ಅಳಿಯ, "ಮಾಮಾ, ನಿಮ್ಮ ಹೊತ್ತು ಹೋಗ್ತದ" ಎಂದು ಕೈಯಲ್ಲಿ ಹಿಡಿದು ಆಡುವ ತನ್ನ ವಿಡಿಯೊ ಗೇಮ್ ಮಷೀನನ್ನು ನನಗೆ ಕೊಟ್ಟ. ಮನೆ ಎಷ್ಟು ಖಾಲಿಯಾಗಿತ್ತೆಂದರೆ, ಅದರೊಳಗಿನ ಬೊಂಬೆ ಸತ್ತು ಬಿದ್ದಾಗ ನಾನು "ಏಳಪ್ಪಾ" ಎಂದು ಮಾತಾಡಿಸತೊಡಗಿದೆ.

ಇದರ ಆಟಗಳು ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಬಿಲ್ಲೆಗಳಲ್ಲಿ ಬರುತ್ತವೆ. ಅವಕ್ಕೆ ನಾವು ಕ್ಯಾಸೆಟ್ ಎನ್ನುತ್ತೇವೆ. ಜಗತ್ ಸರ್ಕಲ್ ಹತ್ತಿರದ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ನಾನು ಒಂದು ರೇಸಿನ ಕ್ಯಾಸೆಟ್ಟಿಗೆ ಕೈ ಹಾಕಿದೆ. ಅದರ ಮೇಲೆ ಆಗಲೇ ಇನ್ನೊಂದು ಕೈ ಇತ್ತು. ಅದು ಕಮಲಾಪುರದ ಶರಣಪ್ಪನವರದು. ಕೆಂಪು ಬಾಳೆಯ ತೋಟದವರು. ತೋಟದ ಮೋಟಾರಿಗೆ ಕರೆಂಟ್ ಬರುವ ತನಕ ಕಾಯುತ್ತ ಕೂತು ಗೇಮ್ ಆಡುವ ಚಟ ಅವರಿಗೆ.

"ಮದ್ಲ ನೀವು ಆಡ್ರಿ ರಾಯರ. ಐತಾರಕ್ಕ ಬಂದು ಒಯ್ತೀನಿ," ಎಂದರು.

ಹಾಗೆ ಶುರುವಾಯಿತು. ಪ್ರತಿ ಭಾನುವಾರ ಶರಣಪ್ಪನವರು ಬಸ್ಸು ಹಿಡಿದು, ಒಂದು ಕೈಯಲ್ಲಿ ಬಾಳೆಹಣ್ಣು, ಜೇಬಿನಲ್ಲಿ ಕ್ಯಾಸೆಟ್ ಇಟ್ಟುಕೊಂಡು ಬರುವರು. ಕ್ಯಾಸೆಟ್ ಅದಲುಬದಲಾಗಲು ಒಂದು ಗಳಿಗೆ ಸಾಕು. ಆಮೇಲೆ ತೋಯಿಸಿದ ಮಂಡಕ್ಕಿಯ ಸುಸಲಾ, ಚಹಾ, ತೊಗರಿಯ ಧಾರಣೆ, ಅವರ ಮೊಣಕಾಲು, ನನ್ನ ಬೆನ್ನು, ಎಲ್ಲ ಮುಗಿಯುವಾಗ ಸಂಜೆಯ ಬಸ್ಸಿನ ಹೊತ್ತಾಗಿರುತ್ತಿತ್ತು.

ಒಂದು ಭಾನುವಾರ ಕ್ಯಾಸೆಟ್ ಜಾರಿ ಸುಸಲಾದ ತಾಟಿಗೆ ಬಿತ್ತು. ಶರಣಪ್ಪನವರು ಶೇಂಗಾ ಎಂದುಕೊಂಡು ಕಡಿದೇ ಬಿಟ್ಟರು! ಹಲ್ಲು ಉಳಿಯಿತು. ಕ್ಯಾಸೆಟ್ಟೂ ಉಳಿಯಿತು. ಆದರೆ ಅದೇ ಹೊತ್ತಿಗೆ ನನ್ನ ತಲೆಗೆ ಸುಧಾರಣೆಯ ಹುಳ ಹೊಕ್ಕಿತು.

ಮರುದಿನವೇ ನನ್ನ ಕ್ಯಾಸೆಟ್‌ಗಳನ್ನೆಲ್ಲ ಅದೇ ಅಂಗಡಿಗೆ ಮಾರಿ ಬಂದೆ. ಇನ್ನು ಮುಂದೆ ಎಲ್ಲವೂ ಡೌನ್‌ಲೋಡ್! ಮುಂದಿನ ಭಾನುವಾರ ಶರಣಪ್ಪನವರಿಗೆ ಮಷೀನು ತರಲು ಹೇಳಿ, ಅದಕ್ಕೂ ಆಟಗಳನ್ನು ಇಳಿಸಿಕೊಟ್ಟೆ.

"ನೋಡ್ರಿ, ಇನ್ನ ಕಳಿಯಂಗಿಲ್ಲ, ಹಲ್ಲಿಗೆ ಸಿಗಂಗಿಲ್ಲ. ಈ ಬಿಸಿಲಾಗ ನೀವು ಬಸ್ ಹತ್ತೋ ತ್ರಾಸೂ ಇಲ್ಲ!"

"ಅಂದ್ರ ಇನ್ನ ನಾ ಬರೋದು ಬ್ಯಾಡಂತೀರಿ?"

"ಬ್ಯಾಡೇ ಬ್ಯಾಡ!" ಎಂದೆ, ದೊಡ್ಡ ಉಪಕಾರ ಮಾಡಿದವನ ಗತ್ತಿನಲ್ಲಿ.

ಶರಣಪ್ಪನವರು ಕಪ್ಪುಬಸಿ ಕೆಳಗಿಟ್ಟು, ಅವತ್ತು ಬೇಗನೆ ಎದ್ದು ಹೋದರು.

ಮುಂದಿನ ಭಾನುವಾರ ರೂಢಿಯಂತೆ ಇಬ್ಬರಿಗೆ ಚಹಾ ಮಾಡಿದೆ. ಎರಡೂ ಕಪ್ಪು ನಾನೇ ಕುಡಿದೆ. ಮಷೀನಿನ ತುಂಬ ಆಟಗಳಿದ್ದವು. ಒಂದು ರೇಸಿನಲ್ಲಿ ಮೊದಲನೆಯವನಾಗಿ ಬಂದೆ ಕೂಡ. ಹೇಳಿಕೊಳ್ಳೋಣವೆಂದರೆ ಎದುರಿಗೆ ಫ್ರಿಜ್ ಒಂದೇ ಇತ್ತು. ಬಾಗಿಲ ಸಪ್ಪಳವಾದಾಗೆಲ್ಲ ಎದ್ದು ನೋಡಿದೆ. ಯಾರೂ ಇಲ್ಲ. ಬಹಳ ಬೇಜಾರಾಯಿತು. ಸುನಂದಾಗೆ ಫೋನು ಮಾಡಿದೆ.

"ಅಗಬಾಯಿ! ಮನಿಗೆ ಬರೋ ಮನುಷ್ಯಾಗ ಬರಬ್ಯಾಡ ಅಂದು, ಈಗ ಯಾಕ ಬರವಲ್ರು ಅಂತೀರೇನ್ರೀ? ಫೋನ್ ಹಚ್ಚಿ ಬರ್ರಿ ಅನ್ರಿ."

"ಸುಮ್ಮಸುಮ್ಮನ ಹೆಂಗ ಕರೀಲಿ? ಏನರೆ ಒಂದು ನೆವ ಬೇಕಲ್ಲ!"

ಆ ಕಡೆ ಕೂಸು ಅತ್ತಿತು. ಸುನಂದಾ ಫೋನಿಟ್ಟಳು.

ನೆವ ಹುಡುಕಿಕೊಂಡು ಮತ್ತೆ ಅಂಗಡಿಗೆ ಓಡಿದೆ. ನನ್ನ ಕ್ಯಾಸೆಟ್‌ಗಳು ಬೇಕಿದ್ದವು.

"ಎಲ್ಲಾ ಖಲಾಸ್ ಸಾಬ್," ಎಂದ ಅಂಗಡಿಯವನು.

"ಹಂಗಾರ ನನ್ನ ಡೌನ್‌ಲೋಡ್ ತಗೊಂಡು ಬ್ಯಾರೆ ಕ್ಯಾಸೆಟ್ ಕೊಡ್ರಿ."

ಅವನು ನನ್ನನ್ನು ಕನಿಕರದಿಂದ ನೋಡಿದ. "ಅದು ಮಷೀನ್ ಬಿಟ್ಟು ಹೊರಗ ಬರಂಗಿಲ್ಲ ಸಾಬ್. ಮಾರಾಕೂ ಬರಂಗಿಲ್ಲ, ದೋಸ್ತಗ ಕೊಡಾಕೂ ಬರಂಗಿಲ್ಲ."

ದೋಸ್ತನಿಗೆ ಕೊಡಲಾಗದ ಆಟಕ್ಕೆ ನಾನು ಬೆನ್ನು ತಟ್ಟಿಕೊಂಡಿದ್ದೆ! ಇರಲಿ, ಆಟ ಹೊರಗೆ ಬರದಿದ್ದರೆ ಮಷೀನೇ ಹೋಗಲಿ ಎಂದು ಶರಣಪ್ಪನವರ ಬಳಿಯಿಲ್ಲದ ಒಂದು ಹೊಸ ಆಟ ಇಳಿಸಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಚಾರ್ಜರನ್ನು ಬೇಕೆಂದೇ ಮನೆಯಲ್ಲಿ ಬಿಟ್ಟೆ. ಅದು ನನ್ನ ಚಾಣಾಕ್ಷತನ!

ಶರಣಪ್ಪನವರು ತೋಟದಲ್ಲೇ ಸಿಕ್ಕರು. "ಬರ್ರಿ ಬರ್ರಿ ರಾಯರ! ಏನ್ರಿ ಇಷ್ಟು ದೂರ?"

ಅವರಿಗೆ 'ಬರ್ರಿ' ಎನ್ನಲು ಯಾವ ನೆವವೂ ಬೇಕಾಗಲಿಲ್ಲ. ನಾನು ಮಾತ್ರ ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: "ಇದರಾಗ ಒಂದು ಹೊಸಾ ಆಟ ಅದ, ಮಷೀನೇ ಇಟ್ಕೋರಿ. ಚಾರ್ಜರ್ ಮರ್ತು ಬಂದೀನಿ. ಐತಾರ ಬಂದು ಒಯ್ರಿ."

"ಆಗ್ಲಿ ತಗೋರಿ," ಎಂದರು.

ಈಗ ಮನೆಯಲ್ಲಿ ಹೆಂಡತಿಯೂ ಇಲ್ಲ, ಮಷೀನೂ ಇಲ್ಲ. ಚಾರ್ಜರ್ ಒಂದಿತ್ತು. ಅದನ್ನು ನೋಡುತ್ತ ಭಾನುವಾರದ ತನಕ ದಿನ ನೂಕಿದೆ. ಭಾನುವಾರ ಬೆಳಿಗ್ಗೆ ಮಂಡಕ್ಕಿ ತೋಯಿಸುತ್ತಿದ್ದಾಗ ಫೋನು ಬಂತು.

"ರಾಯರ, ಚಾರ್ಜರ್ ಚಿಂತಿ ಬಿಡ್ರಿ! ನನ್ನ ಮಷೀನಿನ ಚಾರ್ಜರೂ ಅದಕ್ಕ ಕೂಡ್ತು, ಫೋನಿಂದೂ ಕೂಡ್ತು. ಬರೋ ತ್ರಾಸೇ ಉಳೀತು!"

ಹಾಳು ವಿಜ್ಞಾನ! ಎಲ್ಲ ತೂತುಗಳನ್ನೂ ಒಂದೇ ಅಳತೆಗೆ ಮಾಡಿಬಿಟ್ಟಿದ್ದಾರೆ.

"ಶರಣಪ್ಪ, ಚಾರ್ಜರಿಗೆ ಬೆಂಕಿ ಹಚ್ರಿ! ಗೇಮೂ ಬ್ಯಾಡ. ಮನ್ಯಾಗ ಒಬ್ಬನೇ ಕುಂತು ಕುಂತು ಸಾಕಾಗ್ಯದ. ನೀವು ಬರ್ರಿ."

"ಹಂಗಂತ ಮದ್ಲೇ ಅನ್ನಬಾರದೇನ್ರಿ? ನೀವೇ ಬ್ಯಾಡ ಅಂದ್ರಿ ಅಂತ ನಾನೂ ಐತಾರ ಬಂದ್ರ ತ್ವಾಟದಾಗ ಒಬ್ಬನೇ ಕುಂದ್ರಾಕತ್ತೀನಿ."

ಮಧ್ಯಾಹ್ನದೊಳಗೆ ಬಂದರು. ಬಾಳೆಹಣ್ಣು ತಂದಿದ್ದರು. ಸುಸಲಾಕ್ಕೆ ನಾನು ಎರಡು ಸಲ ಉಪ್ಪು ಹಾಕಿದ್ದೆ. ಇಬ್ಬರೂ ತಾಟು ಖಾಲಿ ಮಾಡಿದೆವು. ಸಂಜೆ ಅವರು ಹೊರಟಾಗ ನನಗೆ ನೆನಪಾಯಿತು.

"ಮಷೀನ್ ಎಲ್ರಿ?"

"ಅಯ್ಯ, ಮರ್ತೇ ಬಂದೀನಿ ನೋಡ್ರಿ! ಮುಂದಿನ ಐತಾರ ತರ್ತೀನಿ."

ನಾನು ಅವರ ಮುಖ ನೋಡಿದೆ. ನಿಜವಾಗಿ ಮರೆತವರ ಮುಖ ಹಾಗಿರುವುದಿಲ್ಲ. ಚಾರ್ಜರ್ ಮರೆತ ನನಗೆ ಅಷ್ಟೂ ಗೊತ್ತಾಗದೇ? ಮರೆಯುವುದರಲ್ಲೂ ಅವರು ನನಗಿಂತ ಜಾಣರು. ನಾನು ಮರೆತದ್ದು ಬರೀ ಚಾರ್ಜರು, ಅವರು ಮಷೀನನ್ನೇ ಮರೆತು ಬಂದಿದ್ದರು!