ಉದ್ದ ಗೆರೆ ನಿನ್ನದು, ಅಡ್ಡ ಗೆರೆ ನನ್ನದು

ವಾದದಲ್ಲಿ ಗೆಲ್ಲುವುದೂ ಒಂದು ಕಾಯಿಲೆಯೇ. ಗೌರಿಬಿದನೂರಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲ್ ಲೋಟಗಳು ಇನ್ನೂ ಮನೆಯಲ್ಲಿವೆ. ಅಮ್ಮ ಅವುಗಳಲ್ಲೊಂದನ್ನು ಅಕ್ಕಿ ಅಳೆಯಲು ಇಟ್ಟುಕೊಂಡಿದ್ದಾಳೆ. ವಿಷಯದ ಪರವೂ ಗೆದ್ದಿದ್ದೇನೆ, ಅದೇ ವಿಷಯದ ವಿರೋಧವೂ ಗೆದ್ದಿದ್ದೇನೆ. ಏನನ್ನೂ ಸುಮ್ಮನೆ ನಂಬುವವಳಲ್ಲ. ವಿದುರಾಶ್ವತ್ಥದಲ್ಲಿ ನಾಗರಕಲ್ಲು ಇಡಿಸಿದರೆ ಮದುವೆ ಬೇಗ ಕೂಡಿಬರುತ್ತದೆ ಎಂದ ದೊಡ್ಡಮ್ಮನಿಗೆ, "ಕಲ್ಲು ಇಡಿಸದೆ ಮದುವೆಯಾದವರ ಲೆಕ್ಕ ಇಟ್ಟಿದ್ದೀರಾ?" ಎಂದು ಕೇಳಿ ಊಟದ ಮಧ್ಯೆಯೇ ಬಾಯಿ ಮುಚ್ಚಿಸಿದವಳು. ಇಂಥ ನಾನು ಹೋದ ವಾರ ಅಪ್ಪನ ರೇಷ್ಮೆ ಪಂಚೆಯೊಂದನ್ನು ಕಣ್ಣುಮುಚ್ಚಿ ನಂಬಿದೆ.

ನನ್ನ ಕೆಲಸ ಇಮೇಜ್ ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಚಿಪ್ಪಿನ ವಿನ್ಯಾಸ. ಅದರ ಒಳಗನ್ನು ನಮ್ಮ ಶಿಡ್ಲಘಟ್ಟದವರಿಗೆ ರೇಷ್ಮೆಗೂಡಿನ ಮಾರುಕಟ್ಟೆಯ ಮಾತಿನಲ್ಲೇ ಹೇಳಬೇಕು. ಬೆಳಕು ಅಡ್ಡ ಸಾಲುಸಾಲಾಗಿ ತೂಕಕ್ಕೆ ಬರುತ್ತದೆ. ಮೇಲಿನಿಂದ ಕೆಳಕ್ಕಿಳಿಯುವ ಒಂದೊಂದು ಕಂಬಸಾಲಿನ ಕೆಳಗೂ ಒಬ್ಬೊಬ್ಬ ತೂಕದವನು ಕುಳಿತಿದ್ದಾನೆ. ಬಂದ ಬೆಳಕನ್ನು ತೂಗಿ ಅಂಕಿಯಾಗಿ ಕೂಗುವುದು ಅವನ ಕೆಲಸ. ಒಬ್ಬನ ತಕ್ಕಡಿ ತುಸು ವಾಲಿದ್ದರೆ ಚಿತ್ರದಲ್ಲಿ ಮೇಲಿನಿಂದ ಕೆಳಕ್ಕೆ ಉದ್ದ ಗೆರೆ. ಆ ತೂಕದವರ ಜವಾಬ್ದಾರಿ ನನ್ನ ಸಹೋದ್ಯೋಗಿ, ಚಿಂತಾಮಣಿಯ ವೆಂಕಟೇಶನದು. ಎಲ್ಲರಿಗೂ ಒಟ್ಟಿಗೆ ಕರೆಂಟು ಕೊಡುವ ಸರ್ಕ್ಯೂಟು ನನ್ನದು. ಅದು ನಡುಗಿದರೆ ಆ ಕ್ಷಣ ತೂಗಿದ ಇಡೀ ಅಡ್ಡಸಾಲು ಕೆಟ್ಟು ಅಡ್ಡ ಗೆರೆ. ಸೋಮವಾರ ಅಂತಿಮ ವಿನ್ಯಾಸ ಚಿಪ್ ತಯಾರಿಸುವ ಕಾರ್ಖಾನೆಗೆ ಹೋಗಬೇಕಿತ್ತು. ತಪ್ಪಿದರೆ ಮುಂದಿನ ಸರದಿಗೆ ತಿಂಗಳುಗಟ್ಟಲೆ ಕಾಯಬೇಕು, ಯಾರಿಂದ ತಡವಾಯಿತೋ ಅವರ ಹೆಸರು ದೊಡ್ಡವರ ಮೀಟಿಂಗಿನಲ್ಲಿ ಓಡಾಡುತ್ತಿರುತ್ತದೆ.

ಮೊದಲ ಮಾದರಿಯ ಎರಡು ಚಿಪ್ಪುಗಳನ್ನು ಪರೀಕ್ಷಿಸಲು ಮನೆಗೆ ತಂದಿದ್ದೆ. ಪರೀಕ್ಷೆಗೆ ಬೇಕಾದ್ದು ಎಲ್ಲೂ ಏರುಪೇರಿಲ್ಲದ ಬಿಳಿ ಬೆಳಕು. ಆಫೀಸಿನಲ್ಲಿ ಅದಕ್ಕೊಂದು ಪೆಟ್ಟಿಗೆಯೇ ಇದೆ. ಮನೆಯಲ್ಲಿ ಕಿಟಕಿ ಇದೆ. ಬಿಸಿಲು ಸಮವಾಗಿ ಸೋಸಿ ಬರಲೆಂದು ಅಪ್ಪನ ಬಿಳಿ ಪಂಚೆಯನ್ನು ಕಿಟಕಿಗೆ ಉದ್ದಕ್ಕೆ ಇಳಿಬಿಟ್ಟು, ಚಿಪ್ ಕೂರಿಸಿದ ಕ್ಯಾಮೆರಾವನ್ನು ಎದುರಿಗೆ ಇಟ್ಟೆ. ಚಿತ್ರದ ತುಂಬ ಉದ್ದುದ್ದ ಗೆರೆಗಳು! ನನಗಾದ ಸಂತೋಷವನ್ನು ಹೇಳಿಕೊಳ್ಳಲು ಈಗ ನಾಚಿಕೆ. ಕೂಡಲೇ ಫೋನ್ ಮಾಡಿದೆ.

"ವೆಂಕಟೇಶ, ಉದ್ದ ಗೆರೆ ಬಂದ್ರೆ ನಿಂದು, ಅಡ್ಡ ಗೆರೆ ಬಂದ್ರೆ ನಂದು. ಒಪ್ಕೋತೀಯಾ?"

"ಒಪ್ಕೊಂಡೆ ಮೇಡಂ. ಪರ್ವಾಲೇದು, ನೋಡ್ತೀನಿ."

ಅವನು ಯಾವುದಕ್ಕೂ ತೆಲುಗಿನಲ್ಲಿ ಪರ್ವಾಲೇದು, ಅಂದರೆ ಪರವಾಗಿಲ್ಲ, ಎನ್ನುವವನು. ಇಂಥವರ ಜೊತೆ ವಾದ ಮಾಡುವುದು ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ಮೂರು ದಿನ ತನ್ನ ತಕ್ಕಡಿಗಳನ್ನೆಲ್ಲ ಜಾಲಾಡಿ, ಏನೂ ಸಿಗದೆ, "ಇನ್ನೊಂದು ಚಿಪ್ ಹಾಕಿ ನೋಡಿ ಮೇಡಂ" ಎಂದ. ಹಾಕಿದೆ. ಗೆರೆಗಳು ಅದೇ ಜಾಗದಲ್ಲಿ! ಎರಡು ಚಿಪ್ಪಿನ ದೋಷ ಹೀಗೆ ಅಚ್ಚೊತ್ತಿದಂತೆ ಒಂದೇ ಇರಬಾರದು. ನನಗೂ ಗಲಿಬಿಲಿಯಾಯಿತು. ಆದರೆ ಬಾಯಿಗೆ ಗಲಿಬಿಲಿಯಾಗುವ ಅಭ್ಯಾಸವಿಲ್ಲವಲ್ಲ, "ಅಂದ್ರೆ ನಿನ್ನ ತಪ್ಪು ಅಷ್ಟು ಆಳದ್ದು" ಎಂದೆ.

ಶನಿವಾರ ಬೆಳಿಗ್ಗೆ ಅಪ್ಪನ ಹತ್ತಿರ ಪೇಪರ್ ಓದಲು ಪಕ್ಕದ ಮನೆಯ ಫಯಾಜ್ ಸಾಬರು ಬಂದರು. ಗೂಡು ಬಿಚ್ಚಿ ನೂಲು ತೆಗೆಸುವುದರಲ್ಲೇ ಆಯುಷ್ಯ ಕಳೆದವರು. ನನ್ನ ಪರದೆಯ ಮುಂದೆ ನಿಂತು ಕನ್ನಡಕ ಏರಿಸಿದರು.

"ಏನಮ್ಮಾ, ನಿಮ್ಮಪ್ಪನ ಪಂಚೆ ಮಾನ ತೆಗೀತಾ ಇದೀಯಾ?"

"ಪಂಚೆ ಅಲ್ಲ ಸಾಬ್, ಇದು ಚಿಪ್ಪಿನ ದೋಷ."

"ಯಾವ ಚಿಪ್ಪೋ ನಂಗೆ ಗೊತ್ತಿಲ್ಲ. ಇದು ಎರಡು ಲಾಟ್ ನೂಲು. ಒಂದು ದಪ್ಪ, ಒಂದು ಸಣ್ಣ. ಉದ್ದದ ಹಾಸು ಎಳೇಲಿ ಎರಡನ್ನೂ ಬೆರೆಸಿ ಹಾಕವ್ರೆ. ನಿಮ್ಮಪ್ಪಂಗೆ ಯಾರೋ ಚೆನ್ನಾಗಿ ಟೋಪಿ ಹಾಕವ್ರೆ ಬಿಡು."

ಅಪ್ಪ ಪೇಪರಿನ ಹಿಂದೆ ಮರೆಯಾದರು. ಸಾಕ್ಷ್ಯವಿಲ್ಲದ ಹೇಳಿಕೆ ಎಂದು ನಾನು ಶುರುಮಾಡುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದಲೇ ಕೂಗಿದಳು: "ಪಂಚೆ ತಿರುಗ್ಸಿ ಕಟ್ಟಿ ನೋಡೇ! ಗೆರೆ ಅದರದಾದ್ರೆ ಅದರ ಜೊತೆ ತಿರುಗ್ತದೆ. ಇಷ್ಟಕ್ಕೆ ಮೂರು ದಿನ ಆ ಹುಡುಗನ್ನ ಬಯ್ದ್ಯಾ?"

ತಿರುಗಿಸಿದೆ. ಅರ್ಧ ನಿಮಿಷದ ಕೆಲಸ. ಗೆರೆಗಳೂ ವಿಧೇಯವಾಗಿ ತಿರುಗಿ ಅಡ್ಡ ಮಲಗಿದವು.

ಸೋಲನ್ನಾದರೂ ಘನತೆಯಿಂದ ಒಪ್ಪಬೇಕೆಂದು ಆ ಚಿತ್ರವನ್ನೇ ವೆಂಕಟೇಶನಿಗೆ ಕಳಿಸಿ, "ನಿನ್ನ ತಪ್ಪಿಲ್ಲ, ಕ್ಷಮಿಸು" ಎಂದು ಬರೆದೆ. ಅವನ ಫೋನು ಬಂತು.

"ಮೇಡಂ, ಅಡ್ಡ ಗೆರೆ ಬಂದಿದೆಯಲ್ಲ. ಅಡ್ಡ ಬಂದ್ರೆ ಯಾರ್ದು ಅಂದಿದ್ರಿ?"

"ಅಯ್ಯೋ, ಅದು ಪಂಚೇದು ಕಣೋ!"

"ಪರ್ವಾಲೇದು. ಪಂಚೆ ತೆಗೆದೇ ಒಂದು ಚಿತ್ರ ತೆಗೀರಿ."

ತೆಗೆದೆ, ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಕ್ಯಾಮೆರಾ ತಿರುಗಿಸಿ. ಪಂಚೆಯ ಗೆರೆಗಳೆಲ್ಲ ಮಾಯ. ಇವನಿಗೆ ತಕ್ಕ ಉತ್ತರ ಜೋಡಿಸಿಕೊಳ್ಳುತ್ತ ಚಿತ್ರವನ್ನು ಇನ್ನಷ್ಟು ಹಿಗ್ಗಿಸಿದೆ. ನಡುವೆ ಕೂದಲೆಳೆಯಷ್ಟು ಸಣ್ಣಗೆ, ನಡುಗುತ್ತಾ, ಒಂದು ಅಡ್ಡ ಗೆರೆ. ಮತ್ತೊಂದು ಚಿತ್ರ ತೆಗೆದರೆ ಸ್ವಲ್ಪ ಮೇಲೆ, ಇನ್ನೊಂದರಲ್ಲಿ ಸ್ವಲ್ಪ ಕೆಳಗೆ. ಯಾವ ನೂಲೂ ಹೀಗೆ ಓಡಾಡುವುದಿಲ್ಲ. ದಪ್ಪ ಗೆರೆಗಳ ಮರೆಯಲ್ಲಿ ಮೂರು ದಿನವೂ ಇದು ಆರಾಮಾಗಿ ಕುಳಿತಿತ್ತು. ಸೋಮವಾರ ತಪ್ಪಿಸುವುದು ವೆಂಕಟೇಶನ ತಕ್ಕಡಿಗಳಲ್ಲ, ನನ್ನ ಕರೆಂಟು.

ಅಮ್ಮನ ಉಪಾಯದಂತೆ ಕ್ಯಾಮೆರಾವನ್ನೇ ತಿರುಗಿಸಿ ಇಟ್ಟೆ. ಗೆರೆ ಚಿತ್ರದಲ್ಲಿ ಅಡ್ಡಡ್ಡವಾಗಿಯೇ ಉಳಿಯಿತು, ಅಂದರೆ ಅದು ಗೋಡೆಯದಲ್ಲ, ಚಿಪ್ಪಿನದೇ. ಕೊನೆಗೆ ನನ್ನ ತಲೆಯನ್ನೇ ಪೂರ್ತಿ ಪಕ್ಕಕ್ಕೆ ವಾಲಿಸಿ ನೋಡಿದೆ; ಆಗ ಮಾತ್ರ ಅದು ಉದ್ದ ಗೆರೆಯಾಗಿ ಕಂಡಿತು. ಅದೇ ಭಂಗಿಯಲ್ಲಿ, ಕಿವಿಯನ್ನು ಭುಜಕ್ಕೆ ಒತ್ತಿಕೊಂಡು, ಫೋನ್ ಹಿಡಿದು ಎಷ್ಟೋ ಹೊತ್ತು ಕುಳಿತಿದ್ದೆ. ಆ ಕಡೆ ವೆಂಕಟೇಶ ಕಾಯುತ್ತಿದ್ದ. ಒಪ್ಪಿಕೊಳ್ಳುವ ಮೊದಲು ಒಂದಾದರೂ ಒಳ್ಳೆಯ ವಾದ ಹೊಳೆಯಲಿ ಎಂದು ನಾನೂ ಕಾಯುತ್ತಿದ್ದೆ.